ಊರ ಹೊರಗಿನ ಇಗರ್ಜಿ: ಮಂಗಳೂರಿನ ಮಿಲಾಗ್ರಿಸ್ ಧರ್ಮಕೇಂದ್ರದ ಕಥೆ

(ಶಾಲಾ ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ನೀಡಿದ ಉಪನ್ಯಾಸದ ಬರಹರೂಪ)



ನಮ್ಮ ಶಾಲೆಗಿಂತ ಹಿರಿಯದಾದ, ನಮ್ಮ ಕರಾವಳಿಯ ಒಂದು ಸಂಸ್ಥೆಯ ಇತಿಹಾಸವನ್ನು ಹೇಳಬೇಕೆಂದು ಶತಮಾನೋತ್ಸವ ಸಮಿತಿಯವರು ನನ್ನನ್ನು ಕೇಳಿಕೊಂಡರು. ನಾನು ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯನ್ನು ಆರಿಸಿಕೊಂಡೆ. ಶಾಲೆಯ ಹಬ್ಬದಲ್ಲಿ ಇಗರ್ಜಿಯ ಮಾತೇಕೆ, ಅದೂ ಗಡಿಯಾಚೆಯ ಇಗರ್ಜಿಯ ಮಾತೇಕೆ ಎಂದು ಕೆಲವು ಮಿತ್ರರು ಸಂಶಯಪಟ್ಟರು. ನಾನು ಕ್ರೈಸ್ತನೂ ಅಲ್ಲ. ಇತಿಹಾಸ ಪಾಠ ಹೇಳಿ ನಿವೃತ್ತನಾದ ಒಬ್ಬ ಮೇಷ್ಟ್ರು. ಆದರೆ ಈ ಶಾಲೆಯಲ್ಲಿ ನಾನು ಓದುತ್ತಿದ್ದಾಗ ನನ್ನ ಬೆಂಚಿನಲ್ಲಿ ಕುಳಿತಿದ್ದ ನಾಲ್ವರಲ್ಲಿ ಇಬ್ಬರು ಕೊಂಕಣಿ ಮಾತನಾಡುವ ಕೆಥೋಲಿಕ್ ಮನೆಗಳ ಹುಡುಗರು. ಅವರ ಮನೆಯ ಕಥೆಯನ್ನು ಹಿಂದಕ್ಕೆ ಹಿಂಬಾಲಿಸಿದರೆ ಅದು ಮಂಗಳೂರಿಗೆ ಹೋಗುತ್ತದೆ. ಮುಂದಕ್ಕೆ ಹಿಂಬಾಲಿಸಿದರೆ ನಮ್ಮ ಶಾಲೆಯ ಬಾಗಿಲಿಗೆ ಬರುತ್ತದೆ. ಅದು ಹೇಗೆ ಎಂಬುದನ್ನು ಕೊನೆಯಲ್ಲಿ ಅರಿಕೆ ಮಾಡುತ್ತೇನೆ.

ಕಾಸರಗೋಡಿನ ನಮಗೆ ಮಿಲಾಗ್ರಿಸ್ ಅಪರಿಚಿತವಲ್ಲ. ಬೆಳಗಿನ ರೈಲಿನಲ್ಲಿ ಹೊರಟು ಮಂಗಳೂರಿನಲ್ಲಿಳಿದು ಹಂಪನಕಟ್ಟೆಯತ್ತ ನಡೆದವರೆಲ್ಲ ಅದರ ಮುಂದಿನಿಂದಲೇ ಹಾದುಹೋಗಿದ್ದಾರೆ. ಬಟ್ಟೆಯಂಗಡಿ, ಆಸ್ಪತ್ರೆ, ಹೋಟೆಲು, ಬಸ್ಸುಗಳ ಗದ್ದಲದ ನಡುವೆ ಆ ಬಿಳಿಯ ಮುಖಮಂಟಪ ನಿಂತಿದೆ. ಇಂದು ಅದು ನಗರದ ಹೃದಯಭಾಗ. ಅದು ಸ್ಥಾಪನೆಯಾದಾಗ ಮಾತ್ರ ಊರ ಹೊರವಲಯವಾಗಿತ್ತು ಎಂದರೆ ಮಕ್ಕಳು ನಂಬಲಾರರು.

ಹಳೆಯ ಮಂಗಳೂರು ಎಂದರೆ ನದಿ ಸಮುದ್ರವನ್ನು ಸೇರುವ ಬಂದರದ ಪ್ರದೇಶ. 1568ರಲ್ಲಿ ಪೋರ್ಚುಗೀಸರು ಅಲ್ಲಿ ಕೋಟೆ ಕಟ್ಟಿದರು. ರೊಜಾರಿಯೊ ಮಾತೆಯ ಇಗರ್ಜಿಯೂ ಆಗಲೇ ತಲೆಯೆತ್ತಿತು. 1623ರಲ್ಲಿ ಈ ದಾರಿಯಾಗಿ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಮಂಗಳೂರಿನಲ್ಲಿ ಮೂರು ಇಗರ್ಜಿಗಳನ್ನು ಕಂಡುದಾಗಿ ಬರೆದಿದ್ದಾನೆ. ವ್ಯಾಪಾರ, ಕೋಟೆ, ಇಗರ್ಜಿ ಎಲ್ಲವೂ ನೀರಿಗೆ ಅಂಟಿಕೊಂಡೇ ಇದ್ದ ಕಾಲವದು. ಅಲ್ಲಿಂದ ಮೂಡಣ ದಿಕ್ಕಿಗೆ, ಈಗಿನ ಹಂಪನಕಟ್ಟೆಯತ್ತ ನಡೆದರೆ ಊರು ಮುಗಿದು ತೋಟ, ಗದ್ದೆ, ಗುಡ್ಡ ಪ್ರಾರಂಭವಾಗುತ್ತಿದ್ದವು.

ಆ ಕಾಲಕ್ಕೆ ಕೆನರಾ ಪ್ರದೇಶ ಕೆಳದಿಯ ನಾಯಕರ ಆಳ್ವಿಕೆಯಲ್ಲಿತ್ತು. ಗೋವೆಯಿಂದ ಬಂದು ನೆಲೆಸಿದ ಕೊಂಕಣಿ ಕ್ರೈಸ್ತರು ಒಳ್ಳೆಯ ಬೇಸಾಯಗಾರರು. ಅವರಿಗೆ ಕೆಳದಿಯ ಅರಸರು ನೆಲೆ ಕೊಟ್ಟರು. 1680ರಲ್ಲಿ ರಾಣಿ ಚೆನ್ನಮ್ಮ ಆಳುತ್ತಿದ್ದಾಗ, ಆಕೆ ದಾನವಾಗಿ ಕೊಟ್ಟ ಭೂಮಿಯಲ್ಲಿ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಮಿಲಾಗ್ರಿಸ್ ಇಗರ್ಜಿಯನ್ನು ಸ್ಥಾಪಿಸಿದರು. ಅವರು ಗೋವೆಯವರು, ತಿಯಾತಿನ್ ಸಭೆಗೆ ಸೇರಿದವರು. ಶಿವಭಕ್ತೆಯಾದ ರಾಣಿ ಕೊಟ್ಟ ನೆಲದಲ್ಲಿ ಮರಿಯಮ್ಮನವರ ಹೆಸರಿನ ಇಗರ್ಜಿ ನಿಂತಿತು ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಲೇಬೇಕು. ಮಿಲಾಗ್ರಿಸ್ ಎಂದರೆ ಪೋರ್ಚುಗೀಸ್ ಭಾಷೆಯಲ್ಲಿ ಪವಾಡಗಳು. ಪವಾಡಗಳ ಮಾತೆಯ ಇಗರ್ಜಿ ಎಂದು ಅರ್ಥ. ಕೊಂಕಣಿಯಲ್ಲಿ ಅದು ಸವೆದು ಸವೆದು 'ಮಿಲಾರ್' ಆಗಿದೆ. ಉಡುಪಿಯ ಬಳಿಯ ಕಲ್ಯಾಣಪುರದಲ್ಲೂ ಇದೇ ಹೆಸರಿನ ಪುರಾತನ ಇಗರ್ಜಿಯಿದ್ದು, 2012ರಲ್ಲಿ ರೂಪುಗೊಂಡ ಉಡುಪಿ ಧರ್ಮಪ್ರಾಂತ್ಯಕ್ಕೆ ಅದು ಪ್ರಧಾನ ದೇವಾಲಯವಾಗಿದೆ.

ಹುಟ್ಟಿದಂದಿನಿಂದಲೂ ಈ ಧರ್ಮಕೇಂದ್ರಕ್ಕೆ ಸುಖದ ದಿನಗಳು ಕಡಿಮೆ. ಪೂರ್ವದೇಶಗಳ ಇಗರ್ಜಿಗಳ ಮೇಲೆ ಪೋರ್ಚುಗಲ್ಲಿನ ಅರಸನಿಗೆ ಹಳೆಯ ಹಕ್ಕುಗಳಿದ್ದವು. ದೆ ಕಾಸ್ತ್ರೊ ಅವರನ್ನು ನೇಮಿಸಿದ್ದು ಮಾತ್ರ ರೋಮ್. ಯಾರ ಮಾತು ನಡೆಯಬೇಕು ಎಂಬ ತಕರಾರಿನಲ್ಲಿ ಪಾದ್ರಿಗಳೂ ಜನರೂ ಎರಡಾಗಿ ಒಡೆದರು. ಮುಂದೆ ಸಿಂಹಳಕ್ಕೆ ಹೋಗಿ ಹೆಸರಾದ, 2015ರಲ್ಲಿ ಸಂತರೆಂದು ಘೋಷಿತರಾದ ಜೋಸೆಫ್ ವಾಜ್ ಅವರು 1681ರಲ್ಲಿ ಗೋವೆಯ ಪರವಾಗಿ ಕೆನರಾಕ್ಕೆ ಬಂದಾಗ ಎದುರಿಸಬೇಕಾದುದು ಇದೇ ಬಿಕ್ಕಟ್ಟನ್ನು. 1684ರಲ್ಲಿ ದೆ ಕಾಸ್ತ್ರೊ ತೀರಿಕೊಂಡರು. ತಾವು ಕಟ್ಟಿಸಿದ ಮಿಲಾಗ್ರಿಸ್‌ನಲ್ಲಿಯೇ ಅವರನ್ನು ಸಮಾಧಿ ಮಾಡಲಾಯಿತು. ಕಟ್ಟಡಗಳು ಎಷ್ಟೇ ಬದಲಾದರೂ ಆ ನೆಲಕ್ಕೆ ಅಂದಿನಿಂದ ಒಂದು ಗುರುತು ಉಳಿಯಿತು.

ಮುಂದಿನ ನೂರು ವರ್ಷಗಳಲ್ಲಿ ಈ ಜನ ಕರಾವಳಿಯ ಬದುಕಿನಲ್ಲಿ ಬೇರುಬಿಟ್ಟರು. ಅದಕ್ಕೊಂದು ನಿದರ್ಶನ ತೆನೆಹಬ್ಬ. ಫರಂಗಿಪೇಟೆಯ ಗುಡ್ಡದ ಮೇಲಿನ ಮೊಂತಿ ಮರಿಯಾನೊ ಇಗರ್ಜಿಯಲ್ಲಿ ಪಾದ್ರಿ ಜೋಕಿಂ ಮಿರಾಂದಾ ಅವರು ಬೆಳೆಸಿದ ಮೊಂತಿ ಹಬ್ಬದಂದು, ಸೆಪ್ಟೆಂಬರ್ 8ರಂದು, ಮರಿಯಮ್ಮನವರ ಜನ್ಮದಿನದೊಂದಿಗೆ ಹೊಸ ತೆನೆಯನ್ನು ಮನೆತುಂಬಿಸಿಕೊಳ್ಳುತ್ತಾರೆ. ನಮ್ಮ ತುಳು ಮನೆಗಳ ಕುರಲ್ ಪರ್ಬಕ್ಕೂ ಅದಕ್ಕೂ ಇರುವ ನಂಟನ್ನು ಇಲ್ಲಿ ಕುಳಿತವರಿಗೆ ವಿವರಿಸಬೇಕಾಗಿಲ್ಲ.

ಅನಂತರ ಬಂದದ್ದು 1784. ಮೈಸೂರಿಗೂ ಇಂಗ್ಲಿಷರಿಗೂ ನಡೆದ ಎರಡನೆಯ ಯುದ್ಧದಲ್ಲಿ ಮಂಗಳೂರು ಕೋಟೆ ತಿಂಗಳುಗಟ್ಟಲೆ ಮುತ್ತಿಗೆಗೆ ಒಳಗಾಗಿತ್ತು. ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂದು ಟಿಪ್ಪು ಸುಲ್ತಾನ ಬಗೆದ. ಆ ವರ್ಷ ಕೆನರಾದ ಕ್ರೈಸ್ತರನ್ನು ಊರೂರುಗಳಿಂದ ಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಸಾವಿರಾರು ಜನ, ಮುದುಕರು, ಬಾಣಂತಿಯರು, ಹಸುಗೂಸುಗಳು. ದಾರಿಯಲ್ಲಿಯೇ ಸತ್ತವರು ಅನೇಕರು. ಮಿಲಾಗ್ರಿಸ್ ಸೇರಿದಂತೆ ಇಗರ್ಜಿಗಳನ್ನು ಕೆಡವಲಾಯಿತು. ಮೊಂತಿ ಮರಿಯಾನೊ ಇಗರ್ಜಿ ಉಳಿಯಿತು. ಪಾದ್ರಿ ಮಿರಾಂದಾ ಅವರಿಗೂ ಹೈದರಾಲಿಗೂ ಇದ್ದ ಸ್ನೇಹದಿಂದ ಅದು ಉಳಿಯಿತೆಂದು ಪ್ರತೀತಿ. ಈ ಪ್ರಕರಣವನ್ನು ಇಂದಿನ ಜಗಳಗಳಿಗೆ ಉರುವಲಾಗಿ ಬಳಸುವವರಿದ್ದಾರೆ. ನನ್ನ ಉದ್ದೇಶ ಅದಲ್ಲ. ಒಂದು ಧರ್ಮಕೇಂದ್ರಕ್ಕೆ ಗೋಡೆಯೂ ಇಲ್ಲ, ಜನರೂ ಇಲ್ಲ, ಪಾದ್ರಿಯೂ ಇಲ್ಲ ಎಂಬಂತಹ ಹದಿನೈದು ವರ್ಷಗಳು ಬಂದವು ಎಂಬುದಷ್ಟೇ ನನ್ನ ಮಾತು.

1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾಯಿತು. ಬದುಕುಳಿದವರು ಘಟ್ಟ ಇಳಿದು ಬಂದರು. ಮಕ್ಕಳಾಗಿ ಹೋದವರು ಪ್ರಾಯಕ್ಕೆ ಬಂದವರಾಗಿ ಮರಳಿದ್ದರು. ಅವರ ಜಮೀನುಗಳು ಬೇರೆಯವರ ಕೈಸೇರಿದ್ದವು. ಕೆನರಾದ ಮೊದಲ ಕಲೆಕ್ಟರ್ ಥಾಮಸ್ ಮನ್ರೊ ಮತ್ತು ಅವನ ಅನಂತರದ ಅಧಿಕಾರಿಗಳ ಕಾಲದಲ್ಲಿ ಅವುಗಳನ್ನು ಮರಳಿ ಪಡೆಯುವ ಕೆಲಸ ನಡೆಯಿತು. ಕೈಯಲ್ಲಿ ಹಣವಿಲ್ಲ, ಮನೆಗೆ ಮಾಡಿಲ್ಲ. ಅಂತಹ ಹೊತ್ತಿನಲ್ಲಿ ಅವರು ಮಿಲಾಗ್ರಿಸ್‌ನ ಹಳೆಯ ನೆಲವನ್ನು ಹುಡುಕಿ, ಅಲ್ಲೊಂದು ಸಣ್ಣ ಪ್ರಾರ್ಥನಾಲಯವನ್ನು ಎಬ್ಬಿಸಿದರು. ಹೊಸ ಜಾಗದಲ್ಲಿ ಹೊಸ ಹೆಸರಿನಿಂದ ಪ್ರಾರಂಭಿಸಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. 1811ರ ವೇಳೆಗೆ ಆ ಪ್ರಾರ್ಥನಾಲಯದ ಜಾಗದಲ್ಲಿ ದೊಡ್ಡ ಇಗರ್ಜಿ ಸಿದ್ಧವಾಯಿತು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ನಾವು ಇಗರ್ಜಿ ಎಂದಾಗ ಕಟ್ಟಡವನ್ನು ನೆನೆಯುತ್ತೇವೆ. ಕ್ರೈಸ್ತರಿಗೆ ಅದರ ಜೊತೆಗೆ ಇನ್ನೊಂದು ಪದವಿದೆ. ಕೊಂಕಣಿಯಲ್ಲಿ 'ಫಿರ್ಗಜ್', ಕನ್ನಡದಲ್ಲಿ 'ಧರ್ಮಕೇಂದ್ರ'. ಅದು ಒಂದು ಎಲ್ಲೆಯೊಳಗಿನ ಮನೆಗಳ ಕೂಟ. ಮನೆಗಳನ್ನು ವಾಡೆಗಳಾಗಿ ವಿಂಗಡಿಸಿರುತ್ತಾರೆ. ಪ್ರತಿಯೊಂದು ವಾಡೆಗೂ ಒಬ್ಬ ಗುರಿಕಾರ. ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ ಎಂಬುದು ಅವನಿಗೆ ಗೊತ್ತಿರಬೇಕು. ಧರ್ಮಕೇಂದ್ರದ ಕಪಾಟಿನಲ್ಲಿ ಮೂರು ಪುಸ್ತಕಗಳಿರುತ್ತವೆ: ಜ್ಞಾನಸ್ನಾನದ್ದು, ಮದುವೆಯದ್ದು, ಮರಣದ್ದು. ಒಬ್ಬ ಕೂಲಿಯವನ ಹೆಸರೂ ಒಬ್ಬ ಜಮೀನ್ದಾರನ ಹೆಸರೂ ಆ ಪುಸ್ತಕದಲ್ಲಿ ಒಂದೇ ಅಳತೆಯ ಗೆರೆಯ ಮೇಲೆ ಕೂರುತ್ತವೆ. ನಮ್ಮ ಶಾಲೆಯ ದಾಖಲಾತಿ ಪುಸ್ತಕವನ್ನು ನೋಡಿದವರಿಗೆ ಈ ಸಾಲುಗಳ ಬೆಲೆ ತಿಳಿದಿದೆ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮಂಗಳೂರು ಬೆಳೆಯತೊಡಗಿತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಹುಲ್ಲಿನ ಮಾಡುಗಳು ಕ್ರಮೇಣ ಹಂಚಿನ ಮಾಡುಗಳಾದವು. 1878ರ ಕೊನೆಯ ದಿನ ಇಟಲಿಯ ಯೇಸುಸಭೆಯ ಪಾದ್ರಿಗಳು ಬಂದಿಳಿದರು; 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಪ್ರಾರಂಭವಾಯಿತು. 1886ರಲ್ಲಿ ಮಂಗಳೂರು ಸ್ವತಂತ್ರ ಧರ್ಮಪ್ರಾಂತ್ಯವಾಯಿತು. 1907ರಲ್ಲಿ ನೇತ್ರಾವತಿಯನ್ನು ದಾಟಿ ರೈಲು ಬಂತು. ನಿಲ್ದಾಣ ನಿಂತದ್ದು ಮಿಲಾಗ್ರಿಸ್‌ಗೆ ಕೂಗಳತೆಯ ದೂರದಲ್ಲಿ. ಹೀಗೆ ಊರೇ ನಡೆದು ಬಂದು ಊರ ಹೊರಗಿನ ಇಗರ್ಜಿಯನ್ನು ಸುತ್ತುವರಿಯಿತು. ಹೊಸ ಹೊರವಲಯಗಳಲ್ಲಿ ಹೊಸ ಧರ್ಮಕೇಂದ್ರಗಳು ಹುಟ್ಟಿದವು. ಕುಲಶೇಖರದ ಕೊರ್ಡೆಲ್‌ನಲ್ಲಿ 1873ರಲ್ಲಿ ಪವಿತ್ರ ಶಿಲುಬೆಯ ಇಗರ್ಜಿಯನ್ನು ಕಟ್ಟಿಸಿದ ಫ್ರೆಂಚ್ ಪಾದ್ರಿ ಅಲೆಕ್ಸಾಂಡರ್ ದುಬೊಯಿ ಅವರನ್ನು ಜನ ಇಂದಿಗೂ 'ಫ್ರಾದ್ ಸಾಯ್ಬ್' ಎಂದು ಭಕ್ತಿಯಿಂದ ಸ್ಮರಿಸುತ್ತಾರೆ.

1911ರಲ್ಲಿ ಮಿಲಾಗ್ರಿಸ್‌ನ ಮುಂಭಾಗ ಕುಸಿದುಬಿತ್ತು. ನಮ್ಮ ಕರಾವಳಿಯ ಕಟ್ಟಡಗಳ ಸ್ವಭಾವ ಬಲ್ಲವರಿಗೆ ಇಂತಹದು ಅಚ್ಚರಿಯಲ್ಲ. ಮುರಕಲ್ಲು ಅಗೆಯುವಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ. ಆದರೆ ಅದರೊಳಗೆ ಸಾವಿರ ಕಣ್ಣುಗಳು. ಮೇಲಿನ ಸುಣ್ಣದ ಗಾರೆ ಒಂದು ಕಡೆ ಬಿರುಕುಬಿಟ್ಟರೂ ನೀರು ಒಳನುಗ್ಗುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನೆಲದಲ್ಲಿ ಎತ್ತರದ ಗೋಡೆ ನಿಲ್ಲಬೇಕಾದರೆ ಪ್ರತಿ ಬೇಸಗೆಯಲ್ಲೂ ಅದನ್ನು ಯಾರಾದರೂ ನೋಡಿಕೊಳ್ಳಬೇಕು. ಹಂಚು ತಿರುವಬೇಕು, ಗಾರೆ ತೇಪೆ ಹಾಕಬೇಕು, ಗೋಡೆಯಲ್ಲಿ ಮೊಳೆತ ಅಶ್ವತ್ಥವನ್ನು ಬೇರುಸಮೇತ ಕೀಳಬೇಕು. ಕಟ್ಟುವ ಹಣ ಒಮ್ಮೆ ಕೂಡಿಬರುತ್ತದೆ. ಉಳಿಸುವ ಶ್ರಮ ಮಾತ್ರ ವರ್ಷವರ್ಷವೂ ಬೇಕು. ಪಾದ್ರಿ ಫ್ರಾಂಕ್ ಪಿರೇರಾ ಅವರ ಮುಂದಾಳುತನದಲ್ಲಿ ಧರ್ಮಕೇಂದ್ರದವರು ಮತ್ತೆ ಕಟ್ಟಿದರು. ಇಂದು ನಾವು ಕಾಣುವ ಭವ್ಯ ಮುಖಮಂಟಪ ಆ ಪುನರ್ನಿರ್ಮಾಣದ ಫಲ.

ಈಗ ನಮ್ಮ ಕಡೆಗೆ ಬರೋಣ. ಕಾಸರಗೋಡು ಅಂದು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಮಂಗಳೂರಿನ ಸುತ್ತಲಿನ ಕುಟುಂಬಗಳು ಗೇಣಿಗೆ ಭೂಮಿ ಹಿಡಿದು, ಗುಡ್ಡ ಕಡಿದು ತೋಟ ಮಾಡಿ ತೆಂಕಣಕ್ಕೆ ಸರಿದಂತೆ ಅವರ ಹಿಂದೆ ಧರ್ಮಕೇಂದ್ರವೂ ಬಂತು. ಬೇಳದ ಶೋಕಮಾತೆಯ ಇಗರ್ಜಿ 1890ರಲ್ಲಿ ಸ್ಥಾಪನೆಯಾಯಿತು. ಗೋಥಿಕ್ ಶೈಲಿಯ ಅದರ ಕಟ್ಟಡವನ್ನು ನಮ್ಮಲ್ಲಿ ನೋಡದವರಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಎಳೆದಾಗ ಜಿಲ್ಲೆ ತುಂಡಾಯಿತು. ತಾಲೂಕು ಕಚೇರಿಯ ಭಾಷೆ ಬದಲಾಯಿತು. ಧರ್ಮಪ್ರಾಂತ್ಯದ ಗೆರೆಯನ್ನು ಮಾತ್ರ ಯಾರೂ ಅಳಿಸಲಿಲ್ಲ. ಬೇಳ, ಕಾಸರಗೋಡು, ಮಂಜೇಶ್ವರದ ಕಡೆಯ ಕೊಂಕಣಿ ಕೆಥೋಲಿಕರ ಧರ್ಮಕೇಂದ್ರಗಳು ಇಂದಿಗೂ ಮಂಗಳೂರಿಗೇ ಸೇರಿವೆ. ರಾಜ್ಯ ಒಂದು, ಧರ್ಮಪ್ರಾಂತ್ಯ ಇನ್ನೊಂದು. ಈ ಜನ ಎರಡರಲ್ಲೂ ಬಾಳುತ್ತಿದ್ದಾರೆ.

ಕೊನೆಯಲ್ಲಿ ಹೇಳುತ್ತೇನೆಂದ ಮಾತಿಗೆ ಬಂದೆ. ಮಂಗಳೂರಿನ ಕೆಥೋಲಿಕರ ಮನೆಮಾತು ಕೊಂಕಣಿ; ಅವರು ಅದನ್ನು ಬರೆಯುವ ಲಿಪಿ ಕನ್ನಡ. 1882ರಲ್ಲಿ ಯೇಸುಸಭೆಯ ಪಾದ್ರಿ ಆಂಜೆಲೊ ಮಾಫೆಯಿ ಅವರು ಕೊಂಕಣಿ ವ್ಯಾಕರಣವನ್ನೂ ಮರುವರ್ಷ ನಿಘಂಟನ್ನೂ ಹೊರತಂದರು. ಅಚ್ಚುಮಾಡಿದ್ದು ಪ್ರಾಟೆಸ್ಟೆಂಟರ ಬಾಸೆಲ್ ಮಿಷನ್ ಮುದ್ರಣಾಲಯ, ಮುಂದೆ 1894ರಲ್ಲಿ ಕಿಟೆಲ್ ಅವರ ಕನ್ನಡ ನಿಘಂಟನ್ನು ಅಚ್ಚುಮಾಡಿದ ಅದೇ ಮನೆ. 1912ರಲ್ಲಿ 'ಕೊಂಕ್ಣಿ ದಿರ್ವೆಂ' ಪತ್ರಿಕೆ, 1938ರಲ್ಲಿ 'ರಾಕ್ಣೊ' ವಾರಪತ್ರಿಕೆ ಕನ್ನಡ ಲಿಪಿಯಲ್ಲಿ ಮನೆಮನೆ ಸೇರಿದವು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಮುಗಿದ ಬಳಿಕ ಬಲಿಪೂಜೆ ಲ್ಯಾಟಿನ್ನಿನಿಂದ ಜನರ ಭಾಷೆಗಿಳಿದಾಗ, ಹಾಡು ಪ್ರಾರ್ಥನೆಗಳ ಪುಸ್ತಕಗಳೂ ಅದೇ ಲಿಪಿಯಲ್ಲಿ ಬಂದವು.

ನನ್ನ ಬೆಂಚಿನ ಗೆಳೆಯನೊಬ್ಬನ ಮನೆಗೆ ಸಂಜೆ ಆಡಲು ಹೋಗುತ್ತಿದ್ದೆ. ಅವನ ಅಜ್ಜಿಗೆ ಓದು ಬಾರದು. ದೀಪ ಹಚ್ಚಿದ ಮೇಲೆ ಅವನು ಹಳೆಯ ಪ್ರಾರ್ಥನೆಯ ಪುಸ್ತಕವನ್ನು ಬಿಡಿಸಿ, ಬೆರಳಿಟ್ಟು, ಅಕ್ಷರ ಕೂಡಿಸಿ ಓದುತ್ತಿದ್ದ. ಅಜ್ಜಿ ಕಣ್ಣುಮುಚ್ಚಿ ಕೇಳುತ್ತಿದ್ದರು. ನಾವಿಬ್ಬರೂ ಆಗ ಮೂರನೆಯ ತರಗತಿ. ಕೊಂಕಣಿ ತಿಳಿಯದ ನಾನೂ ಅವನ ಹೆಗಲ ಮೇಲಿನಿಂದ ಇಣುಕಿ ಆ ಸಾಲುಗಳನ್ನು ಓದಬಲ್ಲವನಾಗಿದ್ದೆ. ನಮ್ಮ ಶಾಲೆಯ ಟೀಚರು ಮರಳಿನಲ್ಲಿ ತಿದ್ದಿಸಿದ ಅಕ್ಷರಗಳೇ ಅವು. ಅವನ ಮನೆಯ ಭಾಷೆಗೆ ಬೀಗದ ಕೈ ಸಿಕ್ಕಿದ್ದು ಈ ಕನ್ನಡ ಶಾಲೆಯಲ್ಲಿ ಎಂದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ.

ಮೊನ್ನೆ ಆ ಗೆಳೆಯನನ್ನು ಕಂಡೆ. ಪುಸ್ತಕ ಇನ್ನೂ ಇದೆಯಂತೆ. ಮೊಮ್ಮಗಳಿಗೆ ಕೊಂಕಣಿ ಮಾತು ಬರುತ್ತದೆ, ಆ ಅಕ್ಷರ ಬಾರದು. "ಈಗ ನಾನೇ ಓದಬೇಕು ಮಾರಾಯ. ನನ್ನ ಬಳಿಕ ಅದನ್ನು ಬಿಡಿಸುವವರಿಲ್ಲ" ಎಂದ. ನಾನು ಸಮಾಧಾನ ಹೇಳಲು ಹೋಗಿ ಸುಮ್ಮನಾದೆ. ಏಕೆಂದರೆ ನನ್ನ ಮನೆಯಲ್ಲೂ ಅದೇ ಕಥೆ. ಈ ಶಾಲೆಯ ಬಗ್ಗೆ ವೇದಿಕೆಯಲ್ಲಿ ಮಾತನಾಡುವ ನಾನು ನನ್ನ ಇಬ್ಬರು ಮಕ್ಕಳನ್ನೂ ಕನ್ನಡ ಶಾಲೆಗೆ ಸೇರಿಸಲಿಲ್ಲ. ಅವರಿಗೆ ಒಳ್ಳೆಯದಾಗಲಿ ಎಂದೇ ಹಾಗೆ ಮಾಡಿದೆ; ಇಲ್ಲಿ ಕುಳಿತ ಹೆತ್ತವರು ಯಾರನ್ನೂ ನಾನು ದೂರಲಾರೆ. ಆದರೆ ಏನು ಕೊಟ್ಟು ಏನು ತಂದೆವೆಂಬ ಲೆಕ್ಕವನ್ನು ಒಮ್ಮೆಯಾದರೂ ಬರೆದಿಡಬೇಕಲ್ಲವೇ?

ನಮ್ಮ ಹಳೆಯ ಹಂಚಿನ ಕಟ್ಟಡವನ್ನು ತೆಗೆದು ಹೊಸದನ್ನು ಕಟ್ಟಲು ಸಮಿತಿ ಸಂಕಲ್ಪಿಸಿದೆ. ನನ್ನ ವಿರೋಧವಿಲ್ಲ, ದೇಣಿಗೆಯ ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ಮಿಲಾಗ್ರಿಸ್‌ನವರು ಕೆಡವಿದ್ದನ್ನು, ಕುಸಿದದ್ದನ್ನು ನೆನೆದು ಅಳುತ್ತ ಕುಳಿತಿದ್ದರೆ ಇಂದು ಅಲ್ಲಿ ಇಗರ್ಜಿ ಇರುತ್ತಿರಲಿಲ್ಲ. ಮೂರು ಅರಿಕೆಗಳು ಮಾತ್ರ. ಹಂಚು ಇಳಿಸುವ ಮೊದಲು ಆ ಕಟ್ಟಡವನ್ನು ಅಳೆದು ನಕ್ಷೆ ಬರೆಯಿಸಿ, ಚಿತ್ರ ತೆಗೆದಿಡಿ. ಗೆದ್ದಲು ಹಿಡಿಯುವ ಮುನ್ನ ಮೊದಲ ದಾಖಲಾತಿ ಪುಸ್ತಕಕ್ಕೆ ಪ್ರತಿ ಮಾಡಿಸಿ. ಇವೆರಡೂ ಹಣದಿಂದ ಆಗುವ ಕೆಲಸಗಳು. ಮೂರನೆಯದು ಹಣದಿಂದಾಗದು: ನಮ್ಮಲ್ಲಿಯೂ ವಾಡೆಗೊಬ್ಬ ಗುರಿಕಾರ ಬೇಕು. ಬರುವ ಬೇಸಗೆಯಲ್ಲಿ ಹಳೆಯ ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಮನೆಮನೆಗೆ ಹೋಗಿ ಒಂದನೆಯ ತರಗತಿಗೆ ಮಕ್ಕಳನ್ನು ಕೇಳೋಣ. ಬೇರೆ ಶಾಲೆಗೆ ಹೋಗುವ ಮಕ್ಕಳಿಗೂ ರಜೆಯ ಒಂದು ತಿಂಗಳು ಇಲ್ಲಿಯೇ ಕೂರಿಸಿ ಕನ್ನಡ ಅಕ್ಷರ ಕಲಿಸೋಣ. ಟೀಚರುಗಳು ಒಪ್ಪಿದರೆ ಮೊದಲ ವಾರದ ಪಾಠಕ್ಕೆ ನಾನು ಬರುತ್ತೇನೆ. ನನ್ನ ಮೊಮ್ಮಗನನ್ನೂ ಕರೆತರುತ್ತೇನೆ. ಗೆಳೆಯ ತನ್ನ ಮೊಮ್ಮಗಳನ್ನು ಕಳುಹಿಸುವೆನೆಂದು ಮಾತು ಕೊಟ್ಟಿದ್ದಾನೆ.

1799ರಲ್ಲಿ ಘಟ್ಟ ಇಳಿದು ಬಂದವರಿಗೆ ಮಿಲಾಗ್ರಿಸ್‌ನ ಗೋಡೆಗಳು ಕಾದಿರಲಿಲ್ಲ. ಅವರಿಗೆ ನೆಲದ ನೆನಪಿತ್ತು, ಹೆಸರಿತ್ತು, ಜೊತೆಗೆ ನಡೆದು ಬಂದ ನೆರೆಹೊರೆಯವರಿದ್ದರು. ಅಷ್ಟರಿಂದಲೇ ಅವರು ಪ್ರಾರಂಭಿಸಿದರು. ನಮ್ಮ ಶಾಲೆಗೆ ಇನ್ನೂ ಗೋಡೆಯಿದೆ, ಮಾಡಿದೆ, ಗಂಟೆಯಿದೆ, ಟೀಚರುಗಳಿದ್ದಾರೆ. ಅವರಿಗಿಂತ ನಮ್ಮ ಸ್ಥಿತಿ ಎಷ್ಟೋ ಮೇಲು.